ಹೆಣ್ಣಿನ ಕಡೆಯವರು ಬರುವ ಹೊತ್ತಿಗೇ ತುಂಬುತ್ತಿದ್ದ ಗುಂಡಿ

ನಿವೃತ್ತಿ ಅಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಕಿನಲ್ಲಿ ನಾಲ್ಕು ಸುಳ್ಳು. ನನಗೆ ಸಿಕ್ಕಿದ್ದು ಸೊಂಟಕ್ಕೆ ಕಟ್ಟುವ ಪಟ್ಟಿ. ಸೆಪ್ಟಿಕ್ ಗುಂಡಿ ಖಾಲಿ ಮಾಡುವ ಟ್ಯಾಂಕರ್ ಓಡಿಸಿಕೊಂಡು, ಅದರ ಒದ್ದೆ ಪೈಪನ್ನು ಹೆಗಲ ಮೇಲೆ ಹೊತ್ತು, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ತಾಲ್ಲೂಕಿನ ಹಿತ್ತಿಲು ಸುತ್ತಿದವನು ನಾನು. ಒಂದು ದಿನ ಬೆನ್ನಿನ ಡಿಸ್ಕು ಕೆಲಸಕ್ಕೆ ರಾಜೀನಾಮೆ ಕೊಟ್ಟಿತು. ಅದರ ಹಿಂದೆಯೇ ನಾನೂ ಕೊಟ್ಟೆ. ಗಡ್ಡದಲ್ಲಿ ಒಂದು ಬಿಳಿ ಕೂದಲಿಲ್ಲ, ಆಗಲೇ ನಿವೃತ್ತ. ಬೆಳಿಗ್ಗೆ ಟೀ ಅಂಗಡಿಯಲ್ಲಿ ಪೇಪರ್ ಹಿಡಿದು ಕೂತ ರಿಟೈರ್ಡ್ ಮೇಷ್ಟ್ರುಗಳ ಪಕ್ಕ ಕೂತು ನಾನೂ "ನಮ್ಮ ಕಾಲದಲ್ಲಿ" ಅಂತ ಶುರು ಮಾಡಿದರೆ ಅವರು ಎದ್ದು ಬೇರೆ ಬೆಂಚಿಗೆ ಹೋಗುತ್ತಾರೆ. ಮಾತಿಗೋ ವಾಸನೆಗೋ ಗೊತ್ತಿಲ್ಲ.

ಈಗ ಈ ಕೆಲಸಕ್ಕೆ ಹೊಸ ಹುಡುಗರು ಬರುತ್ತಿದ್ದಾರೆ. "ಸೀನಣ್ಣ, ಒಸಿ ಹೇಳ್ಕೊಡಣ್ಣ" ಅನ್ನುತ್ತಾರೆ. ಹೇಳಿಕೊಡುವುದಕ್ಕೆ ಗಂಭೀರವಾದದ್ದು ನನ್ನ ಹತ್ತಿರ ಒಂದೇ ಒಂದು ಇದೆ, ಅದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಗುಂಡಿಯೊಳಕ್ಕೆ ಇಳಿಯಬೇಡಿ. ಉಂಗುರ ಬಿದ್ದಿದೆ ಅಂದರೂ, ಫೋನ್ ಬಿದ್ದಿದೆ ಅಂದರೂ, ಮನೆ ಯಜಮಾನ ಕೈ ಮುಗಿದರೂ ಇಳಿಯಬೇಡಿ. ಒಳಗಿನ ಗಾಳಿಗೆ ಬಣ್ಣವಿಲ್ಲ, ಅದು ಎರಡನೇ ಉಸಿರಿಗೆ ಅವಕಾಶ ಕೊಡುವುದಿಲ್ಲ. ತುಂಬಾ ಒತ್ತಾಯ ಮಾಡಿದರೆ, ಆ ಉಂಗುರ ಎತ್ತಿಕೊಟ್ಟರೆ ನಿಮ್ಮಲ್ಲಿ ಯಾರು ಹಾಕಿಕೊಳ್ಳುತ್ತೀರಿ ಅಂತ ಕೇಳಿ. ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಳಗೆ ಹೋಗುತ್ತಾರೆ.

ಉಳಿದದ್ದೆಲ್ಲ ಬರೀ ಜನರ ವಿಷಯ. ಗುಂಡಿಯಲ್ಲಿ ಕಲಿಯುವುದು ಕಮ್ಮಿ, ಗುಂಡಿಯ ಸುತ್ತ ನಿಂತವರಿಂದ ಕಲಿಯುವುದು ಜಾಸ್ತಿ.

ಫೋನ್ ಮಾಡಿ ನೇರವಾಗಿ "ನಮ್ಮ ಕಕ್ಕಸು ಗುಂಡಿ ತುಂಬಿದೆ" ಎಂದವರನ್ನು ನಾನು ಕಾಣೆ. ಮಾಗಡಿ ಕಡೆಯವರು ಪಿಸುದನಿಯಲ್ಲಿ "ಒಂದ್ ಕೆಲ್ಸ ಐತೆ, ಬಾ" ಅನ್ನುತ್ತಾರೆ, ಯಾರನ್ನೋ ಮುಗಿಸುವುದಕ್ಕೆ ಕರೆದ ಹಾಗೆ. ಕನಕಪುರದ ಮೇಷ್ಟ್ರೊಬ್ಬರು "ಸಣ್ಣ ಲೀಕೇಜು" ಎಂದಿದ್ದರು. ಹೋಗಿ ನೋಡಿದರೆ ಅವರ ಅಂಗಳದಲ್ಲಿ ಬಾತುಕೋಳಿ ಸಾಕಬಹುದಿತ್ತು. ಚನ್ನಪಟ್ಟಣದ ಬೊಂಬೆ ಅಂಗಡಿಯವರೊಬ್ಬರು ಗಾಡಿಯನ್ನು ಹಿಂದಿನ ಬೀದಿಯಿಂದ ತರಬೇಕು, ಹಾರ್ನ್ ಮಾಡಬಾರದು, ಯಾರಾದರೂ ಕೇಳಿದರೆ ಬಣ್ಣ ತಂದಿದ್ದೀನಿ ಅನ್ನಬೇಕು ಅಂತ ಷರತ್ತು ಹಾಕಿದ್ದರು. ಎಲ್ಲರೂ ಕೊನೆಗೆ ಸೇರಿಸುವ ಮಾತೊಂದಿದೆ: ನಮ್ಮಪ್ಪನ ಕಾಲದಿಂದ ಈ ಗುಂಡಿ ಒಂದು ಸಲವೂ ತುಂಬಿಲ್ಲ, ಇದೇ ಮೊದಲು. ತುಂಬದ ಗುಂಡಿ ಅಂದರೆ ಈ ಕಡೆ ಮನೆತನದ ಮರ್ಯಾದೆ. ತುಂಬದ ಗುಂಡಿಯ ನೀರು ಪಕ್ಕದ ಬೋರ್‌ವೆಲ್‌ಗೆ ಹೋಗಿರುತ್ತದೆ ಅನ್ನುವುದನ್ನು ಯಾರೂ ಯೋಚಿಸಿರುವುದಿಲ್ಲ. ಆ ಮಾತು ಹೇಳುತ್ತಲೇ ಅದೇ ಬೋರ್‌ವೆಲ್ಲಿನ ಒಂದು ಲೋಟ ನೀರು ತಂದು ಕೊಡುತ್ತಿದ್ದರು. ಈಗ ತಾನೇ ಕುಡಿದೆ ಅಂತ ನಾನು ಕೈ ಮುಗಿಯುತ್ತಿದ್ದೆ.

ಅವರನ್ನು ಅಂದು ಏನು ಪ್ರಯೋಜನ? ನಮ್ಮದು ರಾಗಿ ಬೆಳೆಯುವ ಮನೆ. ನಮ್ಮಪ್ಪ ಊರಿನಲ್ಲಿ "ಮಗ ಟ್ಯಾಂಕರ್ ಓಡುಸ್ತಾನೆ" ಅನ್ನುತ್ತಿದ್ದ. ಎಂಥ ಟ್ಯಾಂಕರ್ ಅಂತ ಯಾರಾದರೂ ಕೇಳಿದರೆ ಅವನಿಗೆ ಕೆಮ್ಮು ಬರುತ್ತಿತ್ತು.

ಗಾಡಿಯ ಓನರ್ ಪುಟ್ಟಸ್ವಾಮಣ್ಣ ನನ್ನ ಮೇಲಧಿಕಾರಿ. ಅವರಿಗೆ ಒಂದೇ ಒಂದು ಡೈಲಾಗು: "ಗಾಡಿ ಐಜೂರು ಸರ್ಕಲ್ಲಲ್ಲೈತೆ ಸಾರ್, ಬಂದ್ಬುಡ್ತು." ಗಾಡಿ ಶೆಡ್ಡಿನಲ್ಲಿರಲಿ, ಗ್ಯಾರೇಜಿನಲ್ಲಿರಲಿ, ಚಕ್ರ ಬಿಚ್ಚಿ ಇಟ್ಟಿರಲಿ, ಅದು ಐಜೂರು ಸರ್ಕಲ್ಲಿನಲ್ಲೇ ಇರುತ್ತಿತ್ತು. ಆಮೇಲೆ ಗಾಡಿಗೆ ಜಿಪಿಎಸ್ ಬಂತು, ಗಿರಾಕಿಗಳು ಲೊಕೇಶನ್ ಕಳಿಸಿ ಅನ್ನತೊಡಗಿದರು. ನಮ್ಮ ಕಸುಬಿನಲ್ಲಿ ಆದ ದೊಡ್ಡ ಬದಲಾವಣೆ ಅದೇ. ಪುಟ್ಟಸ್ವಾಮಣ್ಣ ವಾರಗಟ್ಟಲೆ ಮಂಕಾಗಿದ್ದರು. ನನಗೆ ಅವರ ಧ್ವನಿ ಚೆನ್ನಾಗಿ ಬರುತ್ತಿತ್ತು. ಅವರು ಊಟಕ್ಕೆ ಹೋದಾಗ ಆಫೀಸಿನ ಫೋನ್ ಎತ್ತಿ ಅವರ ಧ್ವನಿಯಲ್ಲೇ ಉತ್ತರ ಕೊಡುತ್ತಿದ್ದೆ. ಒಂದು ಸಲ ಆ ಕಡೆ ಇದ್ದದ್ದು ಅವರ ಹೆಂಡತಿ. ವಾರದ ಬೈಗುಳವೆಲ್ಲ ಒಂದೇ ಉಸಿರಿನಲ್ಲಿ ಬಂತು. ಏನೂ ತೋಚದೆ "ಆಯ್ತು ಕಣೇ, ನಂದೇ ತಪ್ಪು" ಅಂದುಬಿಟ್ಟೆ. ಮಾರನೆಯ ದಿನ ಪುಟ್ಟಸ್ವಾಮಣ್ಣ ಗೆಲುವಾಗಿ ಬಂದು, ಮನೆಯಲ್ಲಿ ರಾತ್ರಿ ಯಾಕೋ ಕೋಳಿ ಸಾರು ಮಾಡಿದ್ದರು ಅಂತ ಎಲ್ಲರಿಗೂ ಹೇಳಿಕೊಂಡರು.

ಇಷ್ಟೆಲ್ಲ ಊರು ಸುತ್ತಿದ್ದರೂ ಮನಸ್ಸಿನಲ್ಲಿ ಉಳಿದ ಗುಂಡಿ ಒಂದೇ. ಅದು ಹೊಂಗನೂರಿನ ಮಹೇಶಣ್ಣನದು.

ಮಹೇಶಣ್ಣ ರೇಷ್ಮೆ ಹುಳು ಸಾಕುವವನು. ಹಿಪ್ಪುನೇರಳೆ ತೋಟ, ಮನೆಯ ಹಿಂದೆ ಹುಳುಮನೆ, ಸಾಲವಿಲ್ಲ, ಕುಡಿತವಿಲ್ಲ, ನೋಡುವುದಕ್ಕೂ ಲಕ್ಷಣವಾಗಿದ್ದ. ಅವನಿಗಿದ್ದ ಒಂದೇ ರೋಗ ಬೇಸಾಯ. ನಮ್ಮ ಕಡೆ ಈಗ ಬೇಸಾಯ ಮಾಡುವ ಹುಡುಗನಿಗೆ ಹೆಣ್ಣು ಕೊಡುವುದಿಲ್ಲ. ಫ್ಯಾಕ್ಟರಿ ಗೇಟಿನಲ್ಲಿ ನಿಂತು ಸೆಲ್ಯೂಟ್ ಹೊಡೆಯುವವನಿಗೆ ಕೊಟ್ಟಾರು, ಹತ್ತು ಜನಕ್ಕೆ ಕೂಲಿ ಕೊಡುವವನಿಗೆ ಕೊಡರು. ಅವನ ತಾಯಿ ಜಯಮ್ಮ ಬ್ರೋಕರುಗಳಿಗೆ ಕಾಫಿ ಕೊಟ್ಟೂ ಕೊಟ್ಟೂ ಸುಸ್ತಾಗಿ, ಹೆಣ್ಣಿನ ಕಡೆಯವರು ಏನು ನೋಡುತ್ತಾರೆ ಅಂತ ವಿಚಾರಿಸಿದರು. ಜಮೀನು ನೋಡಲ್ಲ, ಜಾತಕವನ್ನು ಒಸಿ ನೋಡುತ್ತಾರೆ, ಬಾತ್‌ರೂಮನ್ನು ತುಂಬಾ ನೋಡುತ್ತಾರೆ ಅಂತ ಗೊತ್ತಾಯಿತು. ಸರಿ, ಮನೆಯೊಳಗೇ ನೀಲಿ ಟೈಲ್ಸಿನ ಬಾತ್‌ರೂಮು ಆಯಿತು, ಕಮೋಡು ಬಂತು, ಹಿತ್ತಿಲಿನಲ್ಲಿ ಹೊಸ ಸೆಪ್ಟಿಕ್ ಗುಂಡಿ ಕಟ್ಟಿಸಿದರು. ಮಹೇಶಣ್ಣನ ಮದುವೆಯೆಲ್ಲ ಆ ಗುಂಡಿಯ ಮೇಲೆ ನಿಂತಿತ್ತು ಅಂದರೆ ಅತಿಶಯವಲ್ಲ.

ಆ ಗುಂಡಿ ಹೆಣ್ಣಿನ ಕಡೆಯವರು ಮನೆ ನೋಡುವುದಕ್ಕೆ ಬರುವ ಹೊತ್ತಿಗೆ ಸರಿಯಾಗಿ ತುಂಬುತ್ತಿತ್ತು.

ಮೊದಲನೆಯ ಸಲ ನೆಂಟರು ಉಪ್ಪಿಟ್ಟು ತಿನ್ನುತ್ತಿರುವಾಗಲೇ ಕಮೋಡು ಗುಳುಗುಳು ಅಂದಿತಂತೆ. ಅವರು ಜಾತಕ ಕೂಡಿಬರಲಿಲ್ಲ ಎಂದು ಹೇಳಿ ಕಳಿಸಿದರು. ಮಾರನೆಯ ದಿನ ನಾನು ಹೋದೆ. ಕಟ್ಟಿ ವರ್ಷ ತುಂಬಿಲ್ಲ, ಆಗಲೇ ಗುಂಡಿ ಬಾಯಿತನಕ ತುಂಬಿತ್ತು. ಯಾಕೆ ಅಂತ ಜಯಮ್ಮ ಕೇಳಿದರು. ಗೊತ್ತಿಲ್ಲ ಅನ್ನುವುದು ನನ್ನ ಜಾಯಮಾನದಲ್ಲಿಲ್ಲ. ಕನಕಪುರದಲ್ಲಿ ಕಂಡಿದ್ದ ಒಬ್ಬ ಇಂಜಿನಿಯರನ ಗತ್ತಿನಲ್ಲಿ ಕನ್ನಡಕ ಇಲ್ಲದಿದ್ದರೂ ಮೂಗಿನ ಮೇಲೆ ಬೆರಳಿಟ್ಟು, ಇಲ್ಲಿನ ಮಣ್ಣು ನೀರು ಹೀರುವುದಿಲ್ಲ, ಪಕ್ಕದಲ್ಲಿ ಇಂಗುಗುಂಡಿ ತೆಗೆಸಿ ಎಂದೆ. ಖಾಲಿ ಮಾಡುವಾಗ ತಳದಲ್ಲಿ ಒಂದಿಷ್ಟು ಕೆಸರು ಬಿಡಬೇಕು, ಅದರಲ್ಲಿರುವ ಕ್ರಿಮಿಗಳೇ ಮುಂದೆ ಬಂದದ್ದನ್ನೆಲ್ಲ ಕರಗಿಸುವುದು. ಜಯಮ್ಮ ಒಪ್ಪಲಿಲ್ಲ. ಪೂರ್ತಿ ಬಳಿಸಿದರು. ನಾನು ಪೈಪ್ ಸುತ್ತುತ್ತಿರುವಾಗ ಹುಳುಮನೆಯಿಂದ ಬ್ಲೀಚಿಂಗ್ ಪೌಡರಿನ ಡಬ್ಬ ತಂದು, ದೃಷ್ಟಿ ತೆಗೆದ ಹಾಗೆ ಗುಂಡಿಯೊಳಕ್ಕೆ ಮೂರು ಸುತ್ತು ಚೆಲ್ಲಿದರು. ಎಷ್ಟು ಚೊಕ್ಕಟದ ಹೆಂಗಸು ಅಂತ ಪುಟ್ಟಸ್ವಾಮಣ್ಣನ ಹತ್ತಿರ ಹೊಗಳಿದೆ.

ಎರಡನೆಯ ಸಲ ಹೆಣ್ಣಿನ ಕಡೆಯವರು ಬರುವುದಕ್ಕೆ ವಾರ ಇರುವಾಗ ಮತ್ತೆ ತುಂಬಿತು. ನನ್ನ ಮಾತು ಕೇಳಿ ಇಂಗುಗುಂಡಿ ತೆಗೆಯುತ್ತಿದ್ದರು, ಹಿತ್ತಿಲು ಆನೆ ಹಿಡಿಯುವುದಕ್ಕೆ ತೋಡಿದ ಖೆಡ್ಡಾದ ಹಾಗಿತ್ತು. ಜಯಮ್ಮನ ಮುಖ ನೋಡಿ ಪಾಪ ಅನ್ನಿಸಿ, ನಗಿಸೋಣ ಅಂತ ವಾಸ್ತು ಹೇಳುವವರ ಧ್ವನಿ ತೆಗೆದೆ. ಕಣ್ಣು ಮುಚ್ಚಿ, ಬೆರಳು ಮಡಿಚಿ, ಕಮೋಡಿನ ಮುಖ ತಪ್ಪು ದಿಕ್ಕಿಗಿದೆ ತಾಯಿ, ಉತ್ತರಕ್ಕೆ ತಿರುಗಬೇಕು ಎಂದೆ. ಜಯಮ್ಮ ನಗಲಿಲ್ಲ. ಎರಡು ದಿನ ಬಿಟ್ಟು ಹೋದರೆ ಕಮೋಡು ಉತ್ತರಕ್ಕೆ ತಿರುಗಿ ಕೂತಿತ್ತು. ಅದರ ಮೇಲೆ ಕೂತವನ ಮಂಡಿ ಗೋಡೆಗೆ ತಾಗುತ್ತಿತ್ತು.

"ನಾನು ತಮಾಷೆಗಂದೆ ಕಣವ್ವ" ಅಂದೆ.

"ತಮಾಸೆಗೆ ಅಂದಿದ್ದೇ ಒಂದೊಂದ್ ಸಲ ನಿಜ ಆಯ್ತದೆ, ಸುಮ್ಕಿರು" ಅಂದರು ಜಯಮ್ಮ.

ಮಹೇಶಣ್ಣ ಹತ್ತಿರ ಬಂದ. ಪ್ಯಾಂಟು ಮೇಲೆತ್ತಿ ಮಂಡಿಯಲ್ಲಿದ್ದ ತರಚು ಗಾಯ ತೋರಿಸಿದ. ಬಂದ ನೆಂಟರು ಅಗೆದ ಹಿತ್ತಿಲು ನೋಡಿ, ಹುಡುಗಿ ಇನ್ನೂ ಓದಬೇಕಂತೆ ಎಂದು ಹೇಳಿ ಹೋದರು.

ಮೂರನೆಯ ಸಂಬಂಧ ಉಯ್ಯಂಬಳ್ಳಿ ಕಡೆಯಿಂದ ಬಂತು. ಹುಡುಗಿ ಸವಿತಾ. ಅಪ್ಪ ಇಲ್ಲ, ಸೋದರಮಾವನದೇ ಯಜಮಾನಿಕೆ. ಮಹೇಶಣ್ಣ ಹೋಗಿ ನೋಡಿ ಬಂದವನು ತೋಟದಲ್ಲಿ ಒಬ್ಬೊಬ್ಬನೇ ನಗುವುದಕ್ಕೆ ಶುರು ಮಾಡಿದ್ದ. ಭಾನುವಾರ ಮಧ್ಯಾಹ್ನ ಅವರು ಮನೆ ನೋಡುವುದಕ್ಕೆ ಬರುವವರಿದ್ದರು. ಹಿಂದೆಲ್ಲ ಈ ಶಾಸ್ತ್ರಕ್ಕೆ ಹುಡುಗಿ ಬರುವ ಪದ್ಧತಿ ಇರಲಿಲ್ಲ. ಈಗ ಬರುತ್ತಾಳೆ, ಬಂದು ಮೊದಲು ಬಾತ್‌ರೂಮಿನ ಬಾಗಿಲು ತೆಗೆಯುತ್ತಾಳೆ.

ಭಾನುವಾರ ಬೆಳಿಗ್ಗೆ ಮಹೇಶಣ್ಣನ ಫೋನು. ತೋಟದೊಳಗಿನಿಂದ ಪಿಸುಗುಟ್ಟುತ್ತಿದ್ದ. "ಸೀನ, ಉಕ್ತಾ ಐತೆ ಕಣ್ಲಾ. ಅವ್ವಂಗೆ ಹೇಳ್ದೆ ಬಾ. ಗಾಡಿ ಒಳೀಕ್ ತರ್ಬ್ಯಾಡ."

ಗಾಡಿ ಯಾಕೆ ಒಳಗೆ ಬರಬಾರದು ಅನ್ನುವುದನ್ನು ಹೊಸಬರಿಗೆ ಹೇಳಬೇಕು. ಹುಳುಮನೆಯಲ್ಲಿ ಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು. ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಗೂಡು ಕಟ್ಟುವ ಮುಂಚೆ ಹಗಲೂ ಇರುಳೂ ಸೊಪ್ಪು ತಿನ್ನುವ ಹೊತ್ತು. ಆಗ ಅವಕ್ಕೆ ಒಂದು ಕೆಟ್ಟ ವಾಸನೆ ತಗುಲಬಾರದು. ಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಇಲ್ಲ, ಊದುಬತ್ತಿ ಇಲ್ಲ, ಸೆಂಟು ಹಾಕಿಕೊಂಡವನನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಅಂಥ ಕಡೆ ಡೀಸೆಲ್ ಹೊಗೆ ಬಿಡುತ್ತಾ ನನ್ನ ಗಾಡಿ ಹೋಗಿ ನಿಂತರೆ ಜಯಮ್ಮ ಗಾಡಿಯ ಸಮೇತ ನನ್ನನ್ನು ಹೂಳುತ್ತಿದ್ದರು. ಒಳಗಿನ ಅತಿಥಿಗಳಿಗೆ ವಾಸನೆ ತಾಗಬಾರದು, ಹೊರಗಿನಿಂದ ಬರುವ ಅತಿಥಿಗಳಿಗೂ ತಾಗಬಾರದು.

ಗಾಡಿಯನ್ನು ತೋಟದ ಆಚೆ ಊರ ರಸ್ತೆಯಲ್ಲಿ ನಿಲ್ಲಿಸಿ, ಶೆಡ್ಡಿನಲ್ಲಿದ್ದ ಪೈಪನ್ನೆಲ್ಲ ಒಂದಕ್ಕೊಂದು ಜೋಡಿಸಿ, ಹಿಪ್ಪುನೇರಳೆ ಸಾಲಿನ ನಡುವೆ ಎಳೆದುಕೊಂಡು ಹೋದೆ. ನನ್ನ ಡಿಸ್ಕು ಮೊದಲ ನೋಟೀಸು ಕೊಟ್ಟದ್ದು ಅವತ್ತೇ. ಮಹೇಶಣ್ಣ ಒಂದು ರೇಷ್ಮೆ ಎಳೆ ಎತ್ತಿ ಹಿಡಿದು ಗಾಳಿ ನೋಡಿದ. ಗಾಳಿ ಹುಳುಮನೆಯ ಕಡೆಯಿಂದ ರಸ್ತೆಯ ಕಡೆಗಿತ್ತು. ದೇವರು ಇದ್ದಾನೆ ಅಂತ ಇಬ್ಬರೂ ಒಪ್ಪಿಕೊಂಡು ಚಪ್ಪಡಿ ಸರಿಸಿದೆವು. ಪಂಪ್ ಶುರು ಮಾಡುವುದಕ್ಕೆ ನಾನು ವಾಪಸು ರಸ್ತೆಗೆ ಓಡಿದೆ.

ಅಷ್ಟರಲ್ಲಿ ಒಂದು ಕಾರು ಬಂದು ನನ್ನ ಪಕ್ಕದಲ್ಲೇ ನಿಂತಿತು. ಮಧ್ಯಾಹ್ನ ಬರಬೇಕಾದವರು ಬೆಳಿಗ್ಗೆಯೇ ಬಂದಿದ್ದರು. ಸೋದರಮಾವ ಮೂಗಿಗೆ ಕರ್ಚೀಫು ಹಿಡಿದು, ರೇಷ್ಮೆ ಮಹೇಶನ ಮನೆ ಯಾವ ಕಡೆ ಅಂತ ಕೇಳಿದ. ಪೈಪು ನೇರವಾಗಿ ಆ ಮನೆಯ ಕಡೆಗೇ ಕೈ ತೋರಿಸುತ್ತಾ ಬಿದ್ದಿತ್ತು. ತಲೆಗೆ ಟವೆಲ್ ಎಳೆದುಕೊಂಡು, ಹಲ್ಲಿಲ್ಲದ ಕಿವುಡು ತಾತನ ಧ್ವನಿಯಲ್ಲಿ ಡೇರಿ, ಅರಳಿಕಟ್ಟೆ, ಹಳೇ ಸ್ಕೂಲು ಎಲ್ಲ ಸುತ್ತಿಸಿ ದಾರಿ ಹೇಳಿದೆ. ಕಾರು ಹೋಯಿತು. ಪಂಪ್ ಶುರು ಮಾಡಿ, ಗುಂಡಿಯ ಹತ್ತಿರ ಓಡಿ ಪೈಪ್ ಹಿಡಿದೆ. ಊರು ಸಣ್ಣದು, ಎಲ್ಲಿಂದ ಸುತ್ತಿದರೂ ಬರುವುದು ಇಲ್ಲಿಗೇ. ಗುಂಡಿ ಕಾಲು ಭಾಗ ಇಳಿಯುವುದರೊಳಗೆ ಅವರು ಅಂಗಳದಲ್ಲಿದ್ದರು. ಸೋದರಮಾವ ನನ್ನನ್ನು ನೋಡಿದ. ನನ್ನ ವಯಸ್ಸು ಅಷ್ಟು ಬೇಗ ಇಳಿದದ್ದು ಅವನಿಗೆ ಅರ್ಥವಾಗಲಿಲ್ಲ.

ಜಯಮ್ಮನಿಗೆ ನಾನು, ಪೈಪು, ನೆಂಟರು ಎಲ್ಲರೂ ಒಂದೇ ಹೊತ್ತಿಗೆ ಕಂಡೆವು. ನೆಂಟರಿಗೆ ನಗುವನ್ನೂ ನನಗೆ ಕಣ್ಣನ್ನೂ ತೋರಿಸಿ, ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿ ಕಾಫಿ ಕೊಟ್ಟರು. ತೋಟಕ್ಕೆ ನೀರು ಬಿಡಿಸ್ತಾ ಇದ್ದೀವಿ ಅಂದರು. ಸೋದರಮಾವ ಹೂಂ ಅಂದ, ಕರ್ಚೀಫು ತೆಗೆಯಲಿಲ್ಲ.

ಆಗ ಸವಿತಾ ತಾಯಿಯ ಕಿವಿಯಲ್ಲಿ ಏನೋ ಹೇಳಿದಳು. ಉಯ್ಯಂಬಳ್ಳಿಯಿಂದ ಹೊಂಗನೂರು ಹತ್ತಿರವಲ್ಲ, ನಾನು ಬೇರೆ ಊರೆಲ್ಲ ಸುತ್ತಿಸಿದ್ದೆ. ತಾಯಿ ಜಯಮ್ಮನಿಗೆ ಮೆಲ್ಲಗೆ, ಹುಡುಗಿ ಬಾತ್‌ರೂಮಿಗೆ ಹೋಗಬೇಕಂತೆ ಅಂದರು.

ಅಷ್ಟು ನೀಲಿ ಟೈಲ್ಸು ಹಾಕಿಸಿದ್ದು ಯಾವ ಗಳಿಗೆಗೋ ಆ ಗಳಿಗೆ ಬಂದಿತ್ತು, ಕಮೋಡಿನ ತುಂಬ ನೀರು ನಿಂತಿತ್ತು.

"ಬಾಗ್ಲಿಗೆ ಬಣ್ಣ ಒಡ್ಸಿವ್ನಿ ಕಣವ್ವ, ಒಣಗಿಲ್ಲ" ಅಂದರು ಜಯಮ್ಮ. "ಪಕ್ಕದ್ಮನೇಗೆ ಕರ್ಕೊಂಡೋಯ್ತೀನಿ, ಬಾ."

ಸೋದರಮಾವ ಕಾಫಿ ಲೋಟ ಕೆಳಗಿಟ್ಟ. ತಂದಿದ್ದ ಹಣ್ಣಿನ ಚೀಲವನ್ನು ಇನ್ನೂ ಜಯಮ್ಮನ ಕೈಗೆ ಕೊಟ್ಟಿರಲಿಲ್ಲ. ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಜಾತಕ ಇನ್ನೊಂದು ಸಲ ತೋರಿಸಬೇಕು ಅಂತ ಶುರು ಮಾಡಿದ. ಅವನ ಅಕ್ಕ, ಅಂದರೆ ಹುಡುಗಿಯ ತಾಯಿಯೂ, ಸೆರಗು ಸರಿಮಾಡಿಕೊಂಡರು. ಈ ಮಾತಿನ ಮುಂದಿನ ಸಾಲು ನನಗೂ ಬಾಯಿಪಾಠವಾಗಿತ್ತು.

ಹಿತ್ತಿಲಿನಿಂದ ಮಹೇಶಣ್ಣ ಜಗಲಿಯ ಹತ್ತಿರ ಹೋದ. ಹೊಸ ಷರ್ಟಿನ ತೋಳು ಮಡಿಚಿದ್ದ, ಕೈ ಒದ್ದೆಯಾಗಿತ್ತು. ಸೋದರಮಾವನನ್ನು ಬಿಟ್ಟು ಸವಿತಾಳಿಗೇ ಹೇಳಿದ.

"ಬಣ್ಣ ಅಲ್ಲ. ಗುಂಡಿ ತುಂಬ್ಕೊಂಡೈತೆ. ಇದು ಮೂರ್ನೇ ಸಲ, ಯಾಕೇಂತ ನಮ್ಗೂ ತಿಳೀದು. ಈಗ ಖಾಲಿ ಮಾಡ್ತಾವ್ರೆ. ಒಸಿ ಹೊತ್ತು ತಡ್ಕೊಳಾಕಾದ್ರೆ ತಡ್ಕೊಳಿ. ಆಗಕಿಲ್ಲ ಅಂದ್ರೆ ಪಕ್ಕದ್ಮನೇಗೆ ನಾನೇ ಕೇಳ್ಕೊಂಡ್ ಬತ್ತೀನಿ."

ಜಯಮ್ಮ ಕಂಬ ಹಿಡಿದುಕೊಂಡರು. ಪಂಪಿನ ಸದ್ದು ರಸ್ತೆಯ ಕಡೆಯಿಂದ ಬರುತ್ತಿತ್ತು, ಹುಳುಮನೆಯಿಂದ ಸೊಪ್ಪು ತಿನ್ನುವ ಸದ್ದು.

"ತಡ್ಕೊತೀನಿ" ಅಂದಳು ಸವಿತಾ. ಅಂದವಳು ಸುಮ್ಮನೆ ಕೂರಲಿಲ್ಲ, ಎದ್ದು ನೆಟ್ಟಗೆ ಹಿತ್ತಿಲಿಗೆ ಬಂದಳು. ನಾನು ಗೌರವದಿಂದ ಪೈಪು ಸರಿಸಿದೆ. ಗುಂಡಿ ನೋಡಿದಳು, ಹುಳುಮನೆ ನೋಡಿದಳು, ಹುಳುಮನೆಯ ಬಚ್ಚಲಿನಿಂದ ಬರುವ ಸಿಮೆಂಟಿನ ಕಾಲುವೆ ನೋಡಿದಳು. ಅಂಗಳ ಗಲೀಜಾಗಬಾರದು, ಬರುವ ನೆಂಟರಿಗೆ ಚೊಕ್ಕಟವಾಗಿ ಕಾಣಬೇಕು ಅಂತ ಮಹೇಶಣ್ಣ ಕೈಯಾರೆ ಕಟ್ಟಿದ ಕಾಲುವೆ ಅದು. ನಾನೂ ಅದರ ಮೇಲೆ ಕೂತು ಎಷ್ಟೋ ಸಲ ಟೀ ಕುಡಿದಿದ್ದೆ.

"ಬೆಳೆ ಆದ್ಮೇಲೆ ಹುಳುಮನೆ ತೊಳ್ದಿದ್ ಬ್ಲೀಚಿಂಗ್ ನೀರು ಎಲ್ಲೀಗೋಯ್ತದೆ?"

ಮಹೇಶಣ್ಣ ಕಾಲುವೆ ನೋಡಿದ, ಗುಂಡಿ ನೋಡಿದ. ಕೈಯನ್ನು ಹಾಗೇ ಗುಂಡಿಯ ಕಡೆ ತೋರಿಸಿದ.

"ಮತ್ತೆ ಕಮೋಡಿಗೆ?"

"ವಾಸ್ನೆ ಬರಬಾರ್ದು ಅಂತ ಅವ್ವ ದಿನಾ ಒಂದ್ ಹಿಡಿ ಬ್ಲೀಚಿಂಗ್ ಹಾಕ್ತದೆ" ಅಂದ. "ನೆಂಟ್ರು ಬರೋ ವಾರ ಎರಡ್ ಹಿಡಿ."

ಅಲ್ಲಿಗೆ ಎಲ್ಲ ಬಿಡಿಸಿ ಹೇಳಿದ ಹಾಗಾಯಿತು. ಹುಳುವಿಗೆ ರೋಗ ಬರದಿರಲಿ ಅಂತ ಹಾಕುವ ಪುಡಿ ಗುಂಡಿಯೊಳಗಿನ ಕ್ರಿಮಿಗಳನ್ನು ಕೊಂದು ಹಾಕುತ್ತಿತ್ತು. ಕರಗಿಸುವವರೇ ಇಲ್ಲದ ಮೇಲೆ ಬಿದ್ದದ್ದು ಬಿದ್ದ ಹಾಗೇ ಉಳಿದು ಗುಂಡಿ ತುಂಬುತ್ತಿತ್ತು. ಹೆಣ್ಣು ಬರುತ್ತಾಳೆಂದು ಎಷ್ಟು ತೊಳೆಯುತ್ತಿದ್ದರೋ ಅಷ್ಟು ಬೇಗ ತುಂಬುತ್ತಿತ್ತು. ಒಳಗಿನ ಹುಳುವಿಗೆ ಇಷ್ಟು ಉಪಚಾರ ಮಾಡುವ ಮನೆಯಲ್ಲಿ ಹೊರಗಿನ ಹುಳು ಸತ್ತುಹೋಗುತ್ತಿದೆ ಅನ್ನುವುದು ಯಾರಿಗೂ ಹೊಳೆದಿರಲಿಲ್ಲ. ನಾನು ಇಂಜಿನಿಯರನಾಗಿ ಯೋಚಿಸಿದ್ದೆ, ವಾಸ್ತುವಿನವನಾಗಿ ಯೋಚಿಸಿದ್ದೆ, ಸೀನನಾಗಿ ಒಂದು ಸಲ ಯೋಚಿಸಿದ್ದರೆ ಸಾಕಿತ್ತು.

ಸೋದರಮಾವ ಅಲ್ಲಿಗೂ ಬಂದು, ಹೆಣ್ಣುಮಗಳು ಗುಂಡಿ ಹತ್ತಿರ ನಿಂತು ಇದೇನು ಮಾತು, ನಮ್ಮ ಮನೆಯಲ್ಲಿ ಇಂಥದ್ದೆಲ್ಲ ಕಂಡೇ ಇಲ್ಲ ಎಂದ.

"ಹೋದ್ ವರ್ಸ ನಮ್ಮನೇಲೂ ಇಂಗೇ ಉಕ್ತಲ್ಲ ಮಾವ" ಅಂದಳು ಸವಿತಾ. "ನೀವೇ ತಾನೆ ಬಿದಿರು ಗಳ ಇಡ್ಕೊಂಡು ತಿವೀತಾ ನಿಂತಿದ್ದು? ನಮ್ದೂ ಇದೇ ಬ್ಲೀಚಿಂಗಿಂದೇ ಆಗಿದ್ದು."

ಸೋದರಮಾವ ಕರ್ಚೀಫನ್ನು ಮೂಗಿನಿಂದ ತೆಗೆದು ಹಣೆ ಒರೆಸಿಕೊಂಡ. ಚೀಲ ಮಾತ್ರ ಹೆಗಲಿನಿಂದ ಇಳಿಸಲಿಲ್ಲ. ಕಾರಿನ ಕಡೆ ನೋಡುತ್ತಾ ನಿಂತ.

ನಾನು ತಳದಲ್ಲಿ ಒಂದಿಷ್ಟು ಕೆಸರು ಬಿಟ್ಟು ಪೈಪ್ ಎತ್ತಿದೆ. ಅವತ್ತು ಜಯಮ್ಮ ಬೇಡ ಅನ್ನಲಿಲ್ಲ. ಮಹೇಶಣ್ಣ ಬಾತ್‌ರೂಮಿಗೆ ಎರಡು ಬಕೆಟ್ ನೀರು ಹುಯ್ದು, ಬಾಗಿಲು ತೆಗೆದಿಟ್ಟು, ಅಂಗಳದ ಆ ತುದಿಗೆ ಹೋಗಿ ಬೆನ್ನು ತಿರುಗಿಸಿ ನಿಂತ. ಸವಿತಾ ಒಳಗೆ ಹೋದಳು. ಜಗಲಿಯ ಮೇಲೆ ದೊಡ್ಡವರೆಲ್ಲ ಮುಚ್ಚಿದ ಬಾಗಿಲನ್ನು ನೋಡಬಾರದು ಅಂತ ತೋಟವನ್ನು ನೋಡುತ್ತಾ ಕೂತರು. ಹಿಪ್ಪುನೇರಳೆ ಸೊಪ್ಪನ್ನು ಅಷ್ಟು ಗಮನವಿಟ್ಟು ನೋಡಿದ ಜನರನ್ನು ನಾನು ಬೇರೆ ಕಂಡಿಲ್ಲ. ಒಳಗೆ ಫ್ಲಶ್ಶು ಎಳೆದ ಸದ್ದಾಯಿತು. ನೀರು ಸರಾಗವಾಗಿ ಇಳಿದು ಗುಂಡಿಗೆ ಬಿದ್ದದ್ದು ನನಗೆ ಕೇಳಿಸಿತು, ಚಪ್ಪಡಿ ಎಳೆದು ಮುಚ್ಚಿದೆ.

ಸವಿತಾ ಕೈ ಒರೆಸಿಕೊಳ್ಳುತ್ತಾ ಬಂದಳು. ಬಂದಾಗಿನಿಂದ ಅವಳು ಜಯಮ್ಮನನ್ನು ಆಂಟಿ ಆಂಟಿ ಅನ್ನುತ್ತಿದ್ದಳು. ಈಗ ಅವರ ಮುಂದೆ ನಿಂತು ಹೇಳಿದಳು:

"ಅತ್ತೆ, ಇನ್ಮೇಲೆ ಇದಕ್ಕೆ ಬ್ಲೀಚಿಂಗ್ ಹಾಕ್ಬ್ಯಾಡಿ."

ಅಂಗಳದ ತುದಿಯಲ್ಲಿ ಮಹೇಶಣ್ಣನ ಬೆನ್ನು ಅಲ್ಲಾಡದೆ ನಿಂತುಬಿಟ್ಟಿತು.

"ಏನಂದ್ಲು?" ಅಂತ ಸೋದರಮಾವ ಅಕ್ಕನನ್ನು ಕೇಳಿದ.

ಅವರು ತಮ್ಮನ ಮುಖ ನೋಡದೆ, ಚಾಪೆಯ ಮೇಲೆ ಇನ್ನೊಂದಿಷ್ಟು ಹಿಂದಕ್ಕೆ ಸರಿದು ಗೋಡೆಗೆ ಒರಗಿ ಕೂತರು.

"ಕೇಳ್ನಿಲ್ವೇನ್ಲಾ? ಚೀಲ ಕೆಳೀಕಿಡು."